ಒಂಟಿ ಸೀಟಿನ ಬೈಕು

"ನಾನು ಬಾಯಿ ತೆರೆದಾಗಲೇ ಈ ಊರಿಗೆಲ್ಲ ನಿಮ್ಮ ನೆನಪಾಗುತ್ತದೆ, ಬುದ್ಧಿ" ಎಂದಳು ದಾಕ್ಷಾಯಿಣಿ.

ಮಠದ ಜಗಲಿಯಲ್ಲಿ ಅವಳ ಪ್ರಶ್ನೆ ಅರ್ಧಕ್ಕೇ ನಿಂತದ್ದು ಅದು ಮೂರನೆಯ ಸಲ. ಮೊದಲು ಯಾರೋ ಮದುವೆಗೆ ದಿನ ಕೇಳಲು ಬಂದರು. ಆಮೇಲೆ ಅಡುಗೆಯವನು ಸಾರಿಗೆ ಹುಳಿ ಎಷ್ಟು ಬಿಡಲಿ ಎಂದು ಕೇಳಿದ. ಈಗ ಒಬ್ಬಾತ ಎಮ್ಮೆ ಹಾಲು ಕೊಡುತ್ತಿಲ್ಲವೆಂದು ವಿಭೂತಿ ಬೇಡಿ, ಕೊಟ್ಟ ಮೇಲೂ ಕದಲದೆ, ಆ ಎಮ್ಮೆಯ ಮೂರು ತಲೆಮಾರಿನ ಕತೆ ಹೇಳುತ್ತ ನಿಂತಿದ್ದ. ಅವಳ ಮಾತು ಕಿವಿಗೆ ಬಿದ್ದದ್ದೇ ಅವನು ಮೆಟ್ಟಿಲಿಳಿದ. ಗುರುಗಳು ನಕ್ಕು, ಈಗ ಕೇಳು ತಾಯೀ ಎಂದರು.

ದಾಕ್ಷಾಯಿಣಿ ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಬೈಕುಗಳನ್ನು ಮಾಡಿಫೈ ಮಾಡಿಕೊಡುವ ಕಸುಬಿನಲ್ಲಿ ಲಾಭ ಉಂಟೇ?"

ಅವಳ ಗಂಡ ಮರಿಸ್ವಾಮಿ ಬೈಕು ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಎಂಟು ವರ್ಷದಿಂದ ಕೆಲಸದಲ್ಲಿದ್ದ. ಈಗ ಅದನ್ನು ಬಿಟ್ಟು ಸ್ವಂತ ಶೆಡ್ಡು ತೆರೆಯಬೇಕು, ಬಂದವರ ಬೈಕಿಗೆ ಅವರವರು ಕೇಳಿದ ರೂಪ ಕೊಡಬೇಕು ಎಂದು ಹೊರಟಿದ್ದ. ಶೆಡ್ಡಿನ ಮಾಲೀಕನಿಗೆ ಸಂಜೆಯೊಳಗೆ ಮಾತು ಕೊಡಬೇಕಿತ್ತು. ನೀನು ಹೂಂ ಅಂದರೆ ಮಾತ್ರ ಎಂದು ಹೆಂಡತಿಗೆ ಹೇಳಿ ಕೆಲಸಕ್ಕೆ ಹೋಗಿದ್ದ.

ಅವಳ ದೂರುಗಳು ಸಾಲಾಗಿ ಬಂದವು. ಕಂಪನಿಯವರು ಯೋಚಿಸಿ ಕೂಡಿಸಿದ್ದನ್ನು ಇವರು ಕಿತ್ತುಹಾಕುವುದಂತೆ, ಅದಕ್ಕೆ ಜನ ದುಡ್ಡು ಕೊಡುವುದಂತೆ. ಬರುವವರೋ ಮೀಸೆ ಮೂಡದ ಹುಡುಗರು. ಅವರಿಗೆ ಇಂದು ಚೆಂದ ಕಂಡದ್ದು ನಾಳೆ ಬೇಡ. ಇನ್ನು ಪೊಲೀಸರು ಹಿಡಿದರೆ ಮಾಡಿಸಿಕೊಂಡವನು ಓಡಿಹೋಗುತ್ತಾನೆ, ಮಾಡಿಕೊಟ್ಟವನು ಉತ್ತರ ಹೇಳಬೇಕು.

ಬೇಡ ಎನ್ನುವುದು ಅವಳಿಗೆ ಕಷ್ಟದ ಮಾತಲ್ಲ. ಎಷ್ಟೋ ಜನರಿಗೆ ಅಂದಿದ್ದಳು. ಆದರೆ ಶೆಡ್ಡಿನ ಸುದ್ದಿ ಎತ್ತಿದಾಗಲೆಲ್ಲ ಗಂಡನ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಅದನ್ನು ನೋಡಿದರೆ ಬೇಡ ಎನ್ನಲು ಮನಸ್ಸು ಬರುತ್ತಿರಲಿಲ್ಲ. ಗುರುಗಳೇ ಬೇಡ ಎಂದುಬಿಟ್ಟರೆ ಆ ಪಾಪ ತನ್ನ ನಾಲಗೆಗಿಲ್ಲ ಎಂದುಕೊಂಡು ಬಂದಿದ್ದಳು.

ಗುರುಗಳು ಎಲ್ಲವನ್ನೂ ಕೇಳಿ ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬೈಕಿನ ರೂಪ ಬದಲಿಸುವುದರಲ್ಲಿ ಅವನದು ಎತ್ತಿದ ಕೈ. ದರ್ಜಿ ಅಳತೆ ತೆಗೆಯುವಂತೆ, ಬಂದವನನ್ನು ಗಾಡಿಯ ಮೇಲೆ ಕೂರಿಸಿ ತೋಳು, ಬೆನ್ನು, ಮಂಡಿ ಅಳೆಯುತ್ತಿದ್ದ. ಅಳತೆಗೆ ಮೀರಿದ್ದನ್ನು ಕತ್ತರಿಸುತ್ತಿದ್ದ. ಕತ್ತರಿಸಿದ ಕಬ್ಬಿಣ ಮೆಕ್ಯಾನಿಕ್ಕಿಗೇ ಸೇರಬೇಕೆಂಬುದು ಆ ಕಸುಬಿನ ರೂಢಿ. ಅವನು ಅದನ್ನು ವಾರಕ್ಕೊಮ್ಮೆ ಗುಜರಿಗೆ ಹಾಕುತ್ತಿದ್ದ. ಶೆಡ್ಡು ಚೊಕ್ಕಟವಾಗಿರುತ್ತಿತ್ತು.

ಒಂದು ದಿನ ಒಬ್ಬ ಪಾತ್ರೆ ವ್ಯಾಪಾರಿ ಬಂದ. ಅವನ ಹೆಂಡತಿ ಜಗಳವಾಡಿ ತವರಿಗೆ ಹೋಗಿದ್ದಳು.

"ನನ್ನ ಹಿಂದೆ ಇನ್ನು ಯಾರೂ ಕೂರುವುದಿಲ್ಲ. ಒಂಟಿ ಸೀಟು ಮಾಡು" ಎಂದ.

ಮೆಕ್ಯಾನಿಕ್ ಅವನ ತೋಳು, ಬೆನ್ನು, ಮಂಡಿ ಅಳೆದ. ಹಿಂದಿನ ಸೀಟನ್ನೂ ಅದು ಕೂತಿದ್ದ ಚೌಕಟ್ಟನ್ನೂ ಕತ್ತರಿಸಿದ. ಸೀಟಿನ ಪಕ್ಕದಲ್ಲಿ ಹಿಡಿದುಕೊಳ್ಳುವ ಕಂಬಿಗೆ ಅವನ ಹೆಂಡತಿ ಸುತ್ತಿದ್ದ ಹಳೆ ಸೀರೆಯ ಅಂಚು ಇತ್ತು. ಬಿಸಿಲಿಗೆ ಕಂಬಿ ಸುಡಬಾರದೆಂದು ಸುತ್ತಿದ್ದು. ಆ ಕಂಬಿಯೂ ಕತ್ತರಿಸಿ ನೆಲಕ್ಕೆ ಬಿದ್ದಾಗ ವ್ಯಾಪಾರಿ ರಸ್ತೆಯ ಕಡೆ ನೋಡುತ್ತಿದ್ದ. ಆ ವಾರ ಗುಜರಿಯವನು ಅದನ್ನು ಬಟ್ಟೆಯ ಸಮೇತ ತೂಗಿಕೊಂಡ. ಬೈಕಂತೂ ಬಾಣದಂತಾಯಿತು. ನಾಲ್ಕು ಜನ ನಿಂತು ನೋಡಿದರು.

ಐದು ತಿಂಗಳಾದ ಮೇಲೆ ವ್ಯಾಪಾರಿ ಮತ್ತೆ ಬಂದ. ಬಂದು ಕರೆದುಕೊಂಡು ಹೋಗು ಎಂದು ಹೆಂಡತಿ ಹೇಳಿಕಳಿಸಿದ್ದಳು. ಅವನು ತನ್ನ ಸೀಟು ಕೇಳಿದ. ಅದಕ್ಕಿಂತ ಮೆತ್ತನೆಯದನ್ನು ಮಾಡಿಕೊಡುತ್ತೇನೆ ಎಂದ ಮೆಕ್ಯಾನಿಕ್.

"ಮೆತ್ತನೆಯದು ಬೇಡಪ್ಪ. ಅದೇ ಬೇಕು."

ಮೆಕ್ಯಾನಿಕ್ ಗುಜರಿಗೆ ಓಡಿದ. ಅಲ್ಲಿನ ರಾಶಿ ಎಂದೋ ಕುಲುಮೆ ಸೇರಿತ್ತು. ಅವನು ಬಂದು, ಊಟ ಬಿಟ್ಟು ಕೂತು, ಹಳೆಯದನ್ನು ನೆನಪಿಸಿಕೊಂಡು ಹೊಸ ಸೀಟು, ಹೊಸ ಕಂಬಿ ಮಾಡಿದ. ಕೂಲಿ ತೆಗೆದುಕೊಳ್ಳಲಿಲ್ಲ. ವ್ಯಾಪಾರಿ ಅದನ್ನೇ ಕೂಡಿಸಿಕೊಂಡು ಹೆಂಡತಿಯ ಊರಿಗೆ ಹೋದ.

ಈ ಸಲ ನಡುವೆ ಬಾಯಿ ಹಾಕಿದವಳು ದಾಕ್ಷಾಯಿಣಿಯೇ. ಅವಳು ಹತ್ತಿದಳೇ ಎಂದು ಕೇಳಿದಳು.

ಹತ್ತಿದಳು ಎಂದರು ಗುರುಗಳು. ಹೊಸ ಕಂಬಿಯನ್ನು ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಊರು ಬರುವವರೆಗೂ ಎರಡು ಕೈಗಳನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ದಾಕ್ಷಾಯಿಣಿ ನಿದ್ದೆಗೆ ಜಾರುತ್ತಿದ್ದ ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಅಂದಿನಿಂದ ಮೆಕ್ಯಾನಿಕ್ ಕತ್ತರಿಸಿದ್ದನ್ನು ಗುಜರಿಗೆ ಹಾಕಲಿಲ್ಲ. ಪ್ರತಿ ತುಂಡಿನ ಮೇಲೂ ಅದರ ಒಡೆಯನ ಹೆಸರು ಬರೆದು ಗೋಡೆಗೆ ತೂಗುಹಾಕಿದ. ನಾಲ್ಕು ಬೈಕು ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಎರಡೂ ಹಿಡಿಸದಂತಾಯಿತು. ಇವನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಆಡಿಕೊಂಡವರೇ ಒಬ್ಬೊಬ್ಬರಾಗಿ ಬರತೊಡಗಿದರು. ಕಿತ್ತುಹಾಕು ಎಂದು ಬಂದವನು ಮದುವೆ ನಿಶ್ಚಯವಾದ ಮೇಲೆ ಮರಳಿ ಕೂಡಿಸು ಎಂದು ಬಂದ. ಮಗ ಬೈಕು ಕೆಡಿಸಿಕೊಂಡಾನೆಂದು ಹೆದರುತ್ತಿದ್ದ ತಂದೆಯೂ, ಏನು ಕಿತ್ತರೂ ಇವನ ಗೋಡೆಯ ಮೇಲೆ ಇರುತ್ತದೆ ಎಂಬ ಧೈರ್ಯದಿಂದ ತಾನೇ ಬಂದು ನಿಂತ. ಒಂದೇ ಬೈಕಿಗೆ ಎರಡೆರಡು ಸಲ ಕೆಲಸ. ಆ ಪೇಟೆಯಲ್ಲಿ ಅಂಥ ಶೆಡ್ಡುಗಳು ಎಷ್ಟೋ ಎದ್ದವು, ಎಷ್ಟೋ ಮುಚ್ಚಿದವು. ಅವನದು ನಡೆಯಿತು.

ಕತೆ ಮುಗಿಯಿತು. ಅಷ್ಟರಲ್ಲಿ ದಾಕ್ಷಾಯಿಣಿಗೆ ತನ್ನ ನಾಲಗೆ ಮರಳಿ ಸಿಕ್ಕಿತ್ತು.

"ಹಾಗಾದರೆ ಲಾಭ ಉಂಟು ಎಂದಂತಾಯಿತು. ನಾನು ಬಂದದ್ದು ಇಲ್ಲ ಅನ್ನಿಸಿಕೊಂಡು ಹೋಗಲು. ಗುರುಗಳ ಬಳಿ ಬಂದು ಬರಿಗೈಯಲ್ಲಿ ಹೋಗುವವಳು ನಾನೊಬ್ಬಳೇ ಇರಬೇಕು."

ಬರಿಗೈಯಲ್ಲಿ ಹೋಗಬೇಡ, ಬೇಡ ಎಂಬ ಮಾತನ್ನೂ ಕೊಡುತ್ತೇನೆ ಎಂದರು ಗುರುಗಳು. ಮಠದಿಂದ ಆ ಮಾತು ಹೋದರೆ ಮರಿಸ್ವಾಮಿ ಇವತ್ತೇ ಬಿಟ್ಟುಬಿಡುತ್ತಾನೆ. ಹೆಂಡತಿಯ ಮೇಲೆ ಮುನಿಯುವುದೂ ಇಲ್ಲ, ಎಂದಿನಂತೆ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುತ್ತಾನೆ. ಅವಳು ಹೂಂ ಅಂದರೆ ಸಾಕು, ಹೇಳಿಕಳಿಸುತ್ತಾರೆ.

ಅವಳು ಹೂಂ ಅನ್ನಲು ಹೊರಟಳು. ಆಗ ಅವರು ಮೆಲ್ಲಗೆ ಕೇಳಿದ್ದು ಒಂದೇ ಮಾತು.

"ಇವತ್ತು ಬಿಟ್ಟ ಆಸೆಯನ್ನು ಅವನು ಮುಂದೆಂದಾದರೂ ಹುಡುಕಿಕೊಂಡು ನಿನ್ನ ಹತ್ತಿರವೇ ಬಂದರೆ, ಎಲ್ಲಿಂದ ತಂದುಕೊಡುತ್ತೀಯ, ತಾಯೀ?"