ಮೋಡದ ದಿನದ ಸೂರ್ಯ

ಜುಲೈ ಹದಿನೇಳು, ಗುರುವಾರ. ಬೆಳಿಗ್ಗೆಯಿಂದ ಮೋಡ. ಗಾಳಿ ಇಲ್ಲ. ಮಳೆ ಬರಲಿಲ್ಲ.

"ಅಪ್ಪಾರೇ, ಒಬ್ಬ ಮನುಷ್ಯ ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲ. ಒಂದು ದಿನ ಅವನು ಅದನ್ನು ಕಾಣಲಿಲ್ಲ, ಕೇಳಲಿಲ್ಲ. ಆದರೂ ಅದು ಹೀಗೇ ಇದ್ದಿರಬೇಕು ಎಂಬುದು ಅವನಿಗೆ ಗೊತ್ತು. ಗೊತ್ತಿದ್ದದ್ದನ್ನು ಬರೆದಿಟ್ಟರೆ ಅದು ಸುಳ್ಳಾಗುತ್ತದೆಯೇ?"

ಗುರುಗಳನ್ನು ಹೀಗೆ ಕೇಳಿದವನು ಅಡಿವೆಪ್ಪ. ಮಠದ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಹನ್ನೊಂದು ವರ್ಷಗಳಿಂದ ಗುರುಗಳ ಮುಂಜಾನೆಯ ಮಾತುಗಳನ್ನು ಬರೆದುಕೊಳ್ಳುತ್ತಿದ್ದ. ಬರೆದದ್ದೆಲ್ಲ ಪುಸ್ತಕವಾಗಿ ಸೋಮವಾರ ಅಚ್ಚಿಗೆ ಹೋಗುವುದಿತ್ತು.

ಮಠದ ಪಡಸಾಲೆಗೆ ತಗಡು ಹೊದಿಸಿತ್ತು. ಜೋರು ಮಳೆ ಬಿದ್ದ ದಿನ ಗುರುಗಳ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಅಂಥ ದಿನ ಅಡಿವೆಪ್ಪ ಮನೆಗೆ ಹೋಗಿ, ಅವರು ಏನು ಹೇಳಿರಬಹುದೋ ಅದನ್ನು ಬರೆದಿಡುತ್ತಿದ್ದ. ಅಂಥ ಪುಟಗಳು ಎಷ್ಟಾದವೋ, ಎಣಿಸಿರಲಿಲ್ಲ. ಯಾರಿಗೂ ಭೇದ ತಿಳಿಯಲಿಲ್ಲ. ಹೋದ ವಾರ ಗುರುಗಳೇ ಅಂಥದೊಂದು ಪುಟ ಓದಿ, "ಇದನ್ನು ಚೆನ್ನಾಗಿ ಹೇಳಿದ್ದೇನಲ್ಲ!" ಎಂದಿದ್ದರು. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಗುರುಗಳು ಅವನ ಮುಖ ನೋಡಿದರು.

"ಯಾರು ಆ ಮನುಷ್ಯ?"

"ಯಾರೋ ಒಬ್ಬ, ಅಪ್ಪಾರೇ."

"ಹಾಗಾದರೆ ನಾನೂ ಯಾರೋ ಒಬ್ಬನ ಕತೆ ಹೇಳುತ್ತೇನೆ. ಕೂತುಕೊಳ್ಳಿ ಮೇಷ್ಟ್ರೇ. ಮಳೆ ಇಲ್ಲ, ಇವತ್ತು ಚೆನ್ನಾಗಿ ಕೇಳಿಸುತ್ತದೆ."

ಅಡಿವೆಪ್ಪ ತಲೆ ತಗ್ಗಿಸಿ ಕೂತ. ಪೂರ್ವಾಶ್ರಮದಲ್ಲಿ ಗುರುಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಅವರ ಕತೆಗಳಲ್ಲಿ ಎತ್ತು ಗಾಣಗಳ ಜೊತೆಗೆ ಗ್ರಹ ನಕ್ಷತ್ರಗಳೂ ಬಂದುಹೋಗುತ್ತಿದ್ದವು. ಅವರು ಹೇಳತೊಡಗಿದರು.

ಒಂದು ಬೆಟ್ಟ. ಬೆಟ್ಟದ ತುದಿಯಲ್ಲಿ ಒಂದು ವೀಕ್ಷಣಾಲಯ. ಅಲ್ಲಿ ಒಬ್ಬ ವೀಕ್ಷಕನಿದ್ದ. ದಿನಕ್ಕೊಮ್ಮೆ ಸೂರ್ಯನನ್ನು ನೋಡಿ ಬರೆದಿಡುವುದು ಅವನ ಕೆಲಸ. ದೂರದರ್ಶಕದ ಹಿಂದೆ ಬಿಳಿಯ ಹಾಳೆ ಇಟ್ಟರೆ ಸೂರ್ಯ ಅದರ ಮೇಲೆ ಬಂದು ಕೂರುತ್ತಾನೆ, ಅಂಗೈಯಗಲ. ಹಾಳೆಯಲ್ಲಿ ಮೊದಲೇ ಒಂದು ವೃತ್ತ ಅಚ್ಚಾಗಿರುತ್ತದೆ. ಬಿಂಬವನ್ನು ವೃತ್ತಕ್ಕೆ ಹೊಂದಿಸಿ, ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಪೆನ್ಸಿಲಿನಿಂದ ಇದ್ದಲ್ಲೇ ಬಿಡಿಸಬೇಕು. ಬಿಂಬ ಸುಮ್ಮನಿರುವುದಿಲ್ಲ. ಹೊಳೆಯ ನೀರಿನೊಳಗೆ ಕಾಣುವ ಕಲ್ಲಿನ ಹಾಗೆ ಅಲುಗುತ್ತದೆ. ಅಲುಗಾಟ ನಿಂತ ಒಂದು ಗಳಿಗೆಯಲ್ಲಿ ಕಂಡದ್ದೇ ಕಂಡದ್ದು. ಆ ಗಳಿಗೆಗಾಗಿ ಅವನು ಉಸಿರು ಹಿಡಿದು ಕಾಯುತ್ತಿದ್ದ.

ಮೋಡ ಕವಿದ ದಿನಕ್ಕೂ ಒಂದು ಪದ್ಧತಿ ಇತ್ತು. ವೃತ್ತವನ್ನು ಖಾಲಿ ಬಿಟ್ಟು, ಕೆಳಗೆ 'ಮೋಡ' ಎಂದು ಬರೆದು ಸಹಿ ಹಾಕಬೇಕು. ಕೆಲಸ ಕಲಿಸಿದ ಹಿರಿಯ ಮೊದಲ ದಿನವೇ ಹೇಳಿದ್ದ: "ತಮ್ಮಾ, ಖಾಲಿ ವೃತ್ತಕ್ಕೂ ನಿನ್ನ ಸಹಿ ಬೇಕು. ಕಾಣಲಿಲ್ಲ ಅನ್ನುವುದಕ್ಕೂ ಒಬ್ಬ ಸಾಕ್ಷಿ ಬೇಕಲ್ಲ."

ವೀಕ್ಷಕ ಹಾಗೇ ಮಾಡಿದ. ಐದಾರು ವರ್ಷ ಕಳೆಯಿತು. ಕಲೆಗಳು ಅವನಿಗೆ ನೆಂಟರಷ್ಟು ಬಳಕೆಯಾದವು. ಎಡದ ಅಂಚಿನಲ್ಲಿ ಹುಟ್ಟುತ್ತವೆ, ದಿನಕ್ಕಿಷ್ಟು ಸರಿಯುತ್ತವೆ, ಹದಿಮೂರು ದಿನಕ್ಕೆ ಬಲದ ಅಂಚು ದಾಟಿ ಮರೆಯಾಗುತ್ತವೆ. ಕಣ್ಣು ಮುಚ್ಚಿದರೂ ಅವು ಸರಿಯುವುದು ಅವನಿಗೆ ಕಾಣುತ್ತಿತ್ತು. ಮಧ್ಯಾಹ್ನ ಒರಗಿದರೆ ಕನಸಿನಲ್ಲಿ ಬಿಳಿಯ ಬಯಲೊಂದು ಹರಡಿಕೊಳ್ಳುತ್ತಿತ್ತು. ಅವನು ಬರಿಗಾಲಲ್ಲಿ ಕಲೆಯಿಂದ ಕಲೆಗೆ ನಡೆಯುತ್ತಿದ್ದ. ಕಾಲು ಸುಡುತ್ತಿರಲಿಲ್ಲ.

ಒಮ್ಮೆ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಪುಸ್ತಕ ತಿರುವಿದರು. ಮಳೆಗಾಲದ ಪುಟಗಳಲ್ಲಿ ಖಾಲಿ ವೃತ್ತಗಳು ಸಾಲಾಗಿ ಬಂದವು.

"ಏನ್ರೀ, ನಿಮಗಿಂತ ನಿಮ್ಮ ಸೂರ್ಯನೇ ಜಾಸ್ತಿ ರಜೆ ಹಾಕ್ತಾನಲ್ಲ!" ಎಂದು ನಕ್ಕರು.

ಎಲ್ಲರೂ ನಕ್ಕರು. ವೀಕ್ಷಕನೂ ನಕ್ಕ. ಆದರೆ ಆ ಮಾತು ಅವನಿಗೆ ಚುಚ್ಚಿತು.

ಮುಂದಿನ ಮಳೆಗಾಲದ ಒಂದು ಬುಧವಾರ ಮೋಡ. ಮಂಗಳವಾರ ಕಲೆ ಇಲ್ಲಿತ್ತು. ಗುರುವಾರ ಅಲ್ಲಿತ್ತು. ಬುಧವಾರ ನಡುವೆ ಇರದೆ ಎಲ್ಲಿಗೆ ಹೋದೀತು? ಅವನು ನಡುವೆ ಬರೆದ. ಪುಟ ತುಂಬಿತು. ಯಾರಿಗೆ ನಷ್ಟ? ಆಮೇಲೆ ವರ್ಷಕ್ಕೊಂದು, ಕೆಲವು ವರ್ಷ ಎರಡು. ಅದಕ್ಕಿಂತ ಹೆಚ್ಚು ಆಸೆ ಪಡಲಿಲ್ಲ. ಮೂವತ್ತು ವರ್ಷದಲ್ಲಿ ಎಲ್ಲ ಸೇರಿ ನಲವತ್ತು ದಾಟಿರಲಾರದು. ಉಳಿದ ಪ್ರತಿಯೊಂದು ಸೂರ್ಯನನ್ನೂ ಅವನು ಉಸಿರು ಹಿಡಿದೇ ಕಂಡಿದ್ದ. ಅವನು ನಿವೃತ್ತನಾಗುವ ಹೊತ್ತಿಗೆ 'ಆ ಬೆಟ್ಟದವನ ಕೈ' ಎಂದರೆ ದೂರದ ದೇಶಗಳಲ್ಲೂ ಪ್ರಮಾಣವಾಗಿತ್ತು.

"ಯಾರಿಗೂ ನಷ್ಟವಾಗಲಿಲ್ಲ ತಾನೇ?" ಎಂದು ಅಡಿವೆಪ್ಪ ನಡುವೆ ಬಾಯಿ ಹಾಕಿದ.

"ಅವಸರ ಯಾಕೆ ಮೇಷ್ಟ್ರೇ," ಎಂದರು ಗುರುಗಳು. ಮುಂದುವರಿಸಿದರು.

ಎಷ್ಟೋ ವರ್ಷಗಳ ಮೇಲೆ ಒಬ್ಬ ಸಂಶೋಧಕಿ ಅವನ ಮನೆ ಹುಡುಕಿಕೊಂಡು ಬಂದಳು. ಸೂರ್ಯನಲ್ಲಿ ಆಗಾಗ ಬಿರುಗಾಳಿ ಏಳುತ್ತದೆ. ಅದು ಭೂಮಿಗೆ ಬಡಿದರೆ ಉಪಗ್ರಹಗಳು ದಾರಿ ತಪ್ಪುತ್ತವೆ, ಊರೂರುಗಳ ದೀಪ ಆರುತ್ತದೆ. ಅದು ಏಳುವ ಹಿಂದಿನ ದಿನ ಕಲೆಗಳು ಕದಡಿಹೋಗುತ್ತವೆ, ಎದ್ದ ಮೇಲೆ ಮತ್ತೆ ತಣ್ಣಗಾಗುತ್ತವೆ ಎಂಬುದು ಅವಳ ಅಂದಾಜು. ನಿಜವಾದರೆ ಜನಕ್ಕೆ ಒಂದು ದಿನ ಮುಂಚೆ ಎಚ್ಚರ ಹೇಳಬಹುದು. ಏಳು ವರ್ಷ ಕೂತು ಹಳೆಯ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡಿದ್ದಳು. ಎಲ್ಲ ಬಿರುಗಾಳಿಗಳೂ ಹೊಂದಿಕೊಂಡವು. ಎಲ್ಲಕ್ಕಿಂತ ದೊಡ್ಡದೊಂದು ಹೊಂದಲಿಲ್ಲ. ಅದರ ಹಿಂದಿನ ದಿನದ ಚಿತ್ರ ಲೋಕದಲ್ಲಿ ಒಂದೇ ಉಳಿದಿತ್ತು. ಅದು ಈ ಬೆಟ್ಟದ್ದು. ಅದರಲ್ಲಿ ಕಲೆಗಳು ನಿದ್ದೆ ಹೋದ ಕೂಸಿನಷ್ಟು ಶಾಂತವಾಗಿದ್ದವು.

ಅವಳು ಆ ಪುಟದ ಪ್ರತಿಯನ್ನು ಅವನ ಮುಂದಿಟ್ಟಳು.

"ಇದು ನಿಮ್ಮ ಕೈಯೇ, ಸಾರ್?"

"ನನ್ನದೇ, ತಾಯಿ."

"ಬೇರೆ ಯಾರದಾದರೂ ಆಗಿದ್ದರೆ ಪುಟವನ್ನೇ ಅನುಮಾನಿಸುತ್ತಿದ್ದೆ. ನಿಮ್ಮದಾದ್ದರಿಂದ ನನ್ನನ್ನೇ ಅನುಮಾನಿಸಿಕೊಂಡೆ. ಈ ಕೆಲಸ ಬಿಟ್ಟುಬಿಡುತ್ತೇನೆ. ಬಿಡುವ ಮುಂಚೆ, ಆ ದಿನ ಸೂರ್ಯ ಹೇಗಿದ್ದ ಅಂತ ಕಂಡವರ ಬಾಯಿಂದಲೇ ಒಮ್ಮೆ ಕೇಳೋಣ ಅಂತ ಬಂದೆ."

ಅವನು ತಾರೀಕು ನೋಡಿದ. ಮರೆಯುವ ತಾರೀಕಲ್ಲ. ಅಂದು ಅವನ ಮಗಳು ಹುಟ್ಟಿದ್ದಳು. ಬಸುರಿ ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿ ಬೆಟ್ಟ ಇಳಿಯುವಾಗ ಹಾಡಹಗಲೇ ದೀಪ ಹಚ್ಚಬೇಕಾಗಿತ್ತು. ಅಷ್ಟು ಮೋಡ. ಎರಡು ದಿನ ಬಿಟ್ಟು, ಬಾಣಂತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದವನು, ಸಂತೋಷದ ಭರದಲ್ಲಿ, ಹಿಂದುಮುಂದಿನ ದಿನಗಳ ಕಲೆ ನೋಡಿ ಆ ಪುಟ ತುಂಬಿದ್ದ.

ಅವನು ಎದ್ದು ಒಳಗೆ ಹೋದ. ಅವಳಿಗೆ ಕಾಫಿ ತಂದುಕೊಟ್ಟ. ಅವಳು ಕುಡಿದು ಲೋಟ ಕೆಳಗಿಡುವವರೆಗೆ ಸುಮ್ಮನಿದ್ದ. ಸುಮ್ಮನೇ ಇದ್ದುಬಿಟ್ಟರೆ ಅವಳು ಹೊರಟುಹೋಗುತ್ತಾಳೆ. ಅವನ ಹೆಸರು ಇದ್ದ ಹಾಗೇ ಇರುತ್ತದೆ.

"ತಾಯಿ," ಎಂದ, "ಆ ದಿನ ಮೋಡ ಇತ್ತು."

ಕತೆ ಇಲ್ಲಿಗೆ ಬಂದಾಗ ಅಡಿವೆಪ್ಪ ತಡೆದಿದ್ದ ಉಸಿರು ಬಿಟ್ಟ.

"ಹೇಳಿಬಿಟ್ಟನಲ್ಲ, ದೊಡ್ಡ ಮನುಷ್ಯ. ಆಕೆಯ ಕೆಲಸ ಉಳಿಯಿತೇ?"

"ಉಳಿಯಿತು. ಇವತ್ತು ಎಚ್ಚರಿಕೆ ಕೊಡುವವರು ಅವಳ ಲೆಕ್ಕವನ್ನೇ ಹಿಡಿಯುತ್ತಾರೆ."

"ಅವನ ಮೇಲೆ ಯಾರಾದರೂ ಸಿಟ್ಟಾದರೇ?"

"ಇಲ್ಲ. ನಿಜ ಹೇಳಿದನೆಂದು ಹೊಗಳಿದರು. ಅವಳಂತೂ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮಾಡಿ ಎದ್ದವಳು ಒಂದೇ ಒಂದು ಮಾತು ಕೇಳಿದಳು: ಇಂಥ ಪುಟಗಳು ಇನ್ನು ಯಾವುವು ಸಾರ್, ಗುರುತು ಹಾಕಿಕೊಡಿ, ಅವನ್ನು ತೆಗೆದುಬಿಡೋಣ."

"ಹಾಕಿಕೊಟ್ಟನೇ?"

"ಮೂವತ್ತು ಪುಸ್ತಕಗಳನ್ನೂ ಅವನ ಮನೆಗೆ ತಂದು ಇಟ್ಟರು. ಅವನು ಮೂರು ತಿಂಗಳು ಕೂತು ಒಂದೊಂದೇ ಪುಟ ತಿರುವಿದ. ಅದೇ ಪೆನ್ಸಿಲು, ಅದೇ ಕೈ, ಅದೇ ಸಹಿ. ಯಾವ ಪುಟ ತೆಗೆದರೂ ಆ ದಿನದ ಸೂರ್ಯ ಹಾಳೆಯ ಮೇಲೆ ಅಲುಗುತ್ತಾ ಬಂದು ಕೂರುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಎಲ್ಲವನ್ನೂ ಕಂಡ ನೆನಪಿತ್ತು. ಕಾಣದವೂ ಕಂಡವೇ ಆಗಿಹೋಗಿದ್ದವು."

ಅಡಿವೆಪ್ಪ ಸಣ್ಣ ದನಿಯಲ್ಲಿ ಕೇಳಿದ:

"ಆದರೂ ಅಪ್ಪಾರೇ, ಒಂದು ಪುಟ ಸಿಕ್ಕಿತು, ತಿದ್ದಿಯಾಯಿತು. ಯಾರೂ ಅವನನ್ನು ಬೈಯಲಿಲ್ಲ. ಹಾಗಾದರೆ ಅವನು ತೆತ್ತದ್ದಾದರೂ ಏನು?"

ಗುರುಗಳು ಎದ್ದು ಶಾಲು ಹೊದ್ದುಕೊಂಡರು.

"ಕಾಣದ ನಲವತ್ತು ಸೂರ್ಯರು ಯಾರೆಂದು ತೋರಿಸಲಾಗದೆ, ಕಣ್ಣಾರೆ ಕಂಡ ಒಂಬತ್ತು ಸಾವಿರ ಸೂರ್ಯರ ಮೇಲೂ ತನ್ನ ಕೈಯಿಂದಲೇ 'ಮೋಡ' ಎಂದು ಬರೆದುಕೊಟ್ಟ."