ಬೀಜದ ಕಡ

ರಾಣೆಬೆನ್ನೂರು ಕಡೆಯ ಒಂದೂರಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಒಲೆಯ ಮೇಲೆ, ಹೊಗೆ ತಾಗುವಲ್ಲಿ, ಬಿತ್ತನೆಗೆಂದು ಜವಾರಿ ಗೋವಿನಜೋಳದ ತೆನೆಗಳು ಸದಾ ತೂಗುತ್ತಿದ್ದವು.

ಬೀಜ ಮಾರಲು ಊರಿಗೆ ಬಂದ ಕಂಪನಿಯ ಬಳಿಗಾರ ಸಾಹೇಬರ ಕಣ್ಣಿಗೆ ಅವು ಬಿದ್ದವು. ಊರವರ ಮುಂದೆಯೇ ಗುಡುಗಿದರು: "ಏ ಮುದುಕಿ, ಈ ಹಳೇ ತೆನೀನ ಕೋಳಿಗೆ ಹಾಕು! ನನ್ನ ಹೈಬ್ರಿಡ್ ಇದರ ಎರಡು ಪಟ್ಟು ಬೆಳೀತೈತಿ. ತಗೋ, ನಾಕು ಸೇರು ಪುಕ್ಕಟೆ."

"ಪುಕ್ಕಟೆ ಬ್ಯಾಡ್ರಿ ಸಾಹೇಬ್ರ. ನಮ್ಮೂರಾಗ ಬೀಜ ಕಡ ತರ್ತೀವಿ, ಸುಗ್ಗಿ ಆದಮ್ಯಾಲೆ ಸೇರಿಗೆ ಒಂದೂವರಿ ಸೇರು ಬೀಜಾನ ತಿರುಗಿ ಕೊಡ್ತೀವಿ. ನೀವು ಅದನ್ನ ಬೀಜ ಅಂತ ತಗೊಂಡ ದಿನ ನನ್ನ ತೆನಿ ಕೋಳಿಗೆ ಹಾಕ್ತೀನಿ."

ಸಾಹೇಬರು ನಕ್ಕು ಒಪ್ಪಿದರು.

ಬೆಳೆ ಭರ್ಜರಿಯಾಗಿಯೇ ಬಂತು. ಸುಳ್ಳು ಹೇಳಬಾರದು, ಎರಡು ಪಟ್ಟೇ ಬಂತು. ಸಾಹೇಬರು ಮೀಸೆ ತಿರುವುತ್ತ ಬಂದರು, ಊರೆಲ್ಲ ನೆರೆಯಿತು. ಮುದುಕಿ ದಪ್ಪ ತೆನೆ ಆರಿಸಿ, ಒಲೆಯ ಮೇಲೆ ಒಣಗಿಸಿ, ಬಿಡಿಸಿದ ಆರು ಸೇರು ಕಾಳನ್ನು ಅವರ ಮುಂದಿಟ್ಟಳು.

"ತಗೋರಿ ನಿಮ್ಮ ಬೀಜ. ಮುಂದಿನ ವರ್ಷ ಇದನ್ನ ಊರಿಗೆಲ್ಲ ಕೊಡ್ರಿ."

ಸಾಹೇಬರು ಇಂಗು ತಿಂದ ಮಂಗನಂತಾದರು. ಮುದುಕಿ ಎಂದಿದ್ದ ಬಾಯಿ ಈಗ ಅವ್ವ ಎಂದಿತು. "ಯವ್ವಾ, ಇದನ್ನ ಬಿತ್ತಬಾರದು. ಒಂದು ಗಿಡ ಉದ್ದ, ಒಂದು ಗಿಡ ಗಿಡ್ಡ ಬರ್ತೈತಿ, ಇಳುವರಿ ಬೀಳ್ತೈತಿ. ಬೀಜ ವರ್ಷಾ ವರ್ಷಾ ನಮ್ಮ ಕಡೆನ ಕೊಳ್ಳಬೇಕು."

"ಅಂದ್ರ ಇದು ಬೀಜ ಅಲ್ಲ?"

ಸಾಹೇಬರು ನೆಲ ನೋಡಿದರು. "ಬೀಜ ಅಲ್ಲ."

ಮುದುಕಿ ಆ ಕಾಳಿನಿಂದ ಒಂದು ಹಿಡಿ ತೆಗೆದು ಅಂಗಳಕ್ಕೆ ಎರಚಿದಳು. ಕೋಳಿಗಳು ಓಡಿ ಬಂದವು.

"ಸಾಹೇಬ್ರ ಮಾತು ಖರೇ," ಎಂದಳು. "ಬೀಜ ಆಗದ್ದನ್ನ ಕೋಳಿಗೇ ಹಾಕಬೇಕು."