ಹನ್ನೆರಡು ಮಂದಿಯ ಚಾಪೆ

ಹೊಳೆಯ ಈಚೆ ದಂಡೆಯಲ್ಲಿ ಕರುಣಪ್ಪ ಅಯ್ಯನವರಿದ್ದರು. ಕಲ್ಲಿನ ಹಳೆಯ ಕ್ರೈಸ್ತ ದೇವಾಲಯಕ್ಕೆ ನಲವತ್ತು ವರ್ಷ ಸಭಾಪಾಲಕರಾಗಿದ್ದು, ಈಗ ಅದರ ಹಿಂದಿನ ಒಂದು ಕೋಣೆಯಲ್ಲಿ ಉಳಿದಿದ್ದರು. ಅವರ ಶಿಷ್ಯನ ಹೆಸರು ಹನೋಕ.

ಹನೋಕ ಅವರ ಬಳಿ ನಾಲ್ಕು ವರ್ಷ ಸತ್ಯವೇದದ ಪಾಠ ಕಲಿತಿದ್ದ. ಕೇಳಿದ ಪ್ರಶ್ನೆಗೆ ಗುರುಗಳು ನೆಟ್ಟಗೆ ಉತ್ತರ ಕೊಟ್ಟ ಒಂದು ದಿನವೂ ಅವನಿಗೆ ನೆನಪಿಲ್ಲ.

ಕ್ರಿಸ್ಮಸ್ ಮುಗಿದ ವಾರ ಸಭೆಯ ಹಿರಿಯರು ಹನೋಕನನ್ನು ಹೊಳೆಯಾಚೆಯ ತೋಟದಕೇರಿಗೆ ಕಳಿಸಲು ತೀರ್ಮಾನಿಸಿದರು. ಅಲ್ಲಿ ಒಂದು ಹೊಸ ಸಭೆ ಹುಟ್ಟಬೇಕು. ಆರು ತಿಂಗಳು ನೋಡುವುದು. ಆಮೇಲೆ ಅಯ್ಯನವರು ಹೋಗಿ ನೋಡಿ ಬಂದು ಇರಲಿ ಎಂದರೆ ಇರುತ್ತದೆ, ಬೇಡ ಎಂದರೆ ಮುಚ್ಚುತ್ತದೆ. ಹೊಳೆಗುಂಟ ಇನ್ನೂ ಕೆಳಗಿನ ಊರಿನಿಂದಲೂ ನಮಗೊಂದು ಸಭೆ ಬೇಕೆಂಬ ಕರೆ ಬಂದಿತ್ತು. ಮೊದಲು ಇದು ನಿಲ್ಲಲಿ ಎಂದು ಹಿರಿಯರು ಆ ಮಾತನ್ನು ಬದಿಗಿಟ್ಟರು.

ಹನೋಕ ಗುರುಗಳ ಬಳಿ ಬಾರಿಸಲು ಒಂದು ಗಂಟೆ, ಒಂದು ಹಾರ್ಮೋನಿಯಂ, ಇಪ್ಪತ್ತು ಕೀರ್ತನೆ ಪುಸ್ತಕ ಕೇಳಿದ. ಅಯ್ಯನವರು ಒಳಗೆ ಹೋಗಿ ಒಂದು ಈಚಲ ಚಾಪೆ ತಂದರು. ಉದ್ದನೆಯ ಚಾಪೆ. ಒತ್ತಿ ಕೂತರೆ ಹನ್ನೆರಡು ಮಂದಿಗೆ ಸಾಕು.

“ಆರು ತಿಂಗಳಿಗೆ ಬರ್ತೀನಿ. ಆಗ ಈ ಚಾಪಿ ಹೆಂಗೈತಿ ಅಂತ ಕೇಳ್ತೀನಿ,” ಎಂದರು.

ಚಾಪೆ ತುಂಬಿದರೆ ಸಭೆ ಉಳಿಯುತ್ತದೆ, ತುಂಬದಿದ್ದರೆ ಇಲ್ಲ. ಹನೋಕ ಹಾಗೆ ಅರ್ಥ ಮಾಡಿಕೊಂಡ. ಬೇರೆ ಏನು ಅರ್ಥವಿದ್ದೀತು?

ತೋಟದಕೇರಿಯ ತುಂಬ ಮಲ್ಲಿಗೆ. ಗಂಡಸರು ತೋಟಕ್ಕೆ ನೀರು ಹಾಯಿಸುತ್ತಾರೆ, ಹೆಂಗಸರು ನಸುಕಿನಲ್ಲಿ ಮೊಗ್ಗು ಬಿಡಿಸಿ ಮಾಲೆ ಕಟ್ಟುತ್ತಾರೆ. ಹನೋಕ ಒಂದು ತಿಂಗಳು ಮನೆ ಮನೆ ತಿರುಗಿದ. ಊರವರು ಒಳ್ಳೆಯವರು. ಮಜ್ಜಿಗೆ ಕೊಟ್ಟರು, ಹೇಳಿದ್ದನ್ನೆಲ್ಲ ಕೇಳಿದರು, ಭಾನುವಾರ ಒಬ್ಬರೂ ಬರಲಿಲ್ಲ.

ಕೊನೆಗೆ ಗಂಗವ್ವ ಎಂಬ ಹೆಂಗಸು ಕರೆದಳು. ಹಿಂದಿನ ವರ್ಷ ಅವಳ ಮಗಳು ಹೆರಿಗೆಗೆಂದು ಈಚೆ ದಂಡೆಯ ಆಸ್ಪತ್ರೆಯಲ್ಲಿ ಮಲಗಿ, ಉಳಿಯುವುದೇ ಕಷ್ಟ ಎಂಬಂತಾದಾಗ, ಹನೋಕ ಒಂಬತ್ತು ದಿನ ತಪ್ಪದೆ ಬಂದು ಪ್ರಾರ್ಥಿಸಿದ್ದ. ತನ್ನ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿಕೊಳ್ಳಲು ಅವಳು ಹೇಳಿದಳು.

ಮೊದಲ ಭಾನುವಾರ ಬೆಳಗಿನ ಹತ್ತಕ್ಕೆ ಐವರು ಬಂದರು. ನಾಲ್ವರು ಹೆಂಗಸರು, ಮತ್ತೆ ಕಿವಿ ಕೇಳಿಸದ ಕೆಂಚಪ್ಪಜ್ಜ. ಹೆಂಗಸರ ಮಡಿಲಲ್ಲಿ ಮೊಗ್ಗಿನ ಬುಟ್ಟಿ. ಹನೋಕ ಬೋಧಿಸುತ್ತಿದ್ದರೆ ಅವರ ಬೆರಳು ದಾರಕ್ಕೆ ಗಂಟು ಹಾಕುತ್ತಲೇ ಇದ್ದವು. ಪ್ರಾರ್ಥನೆಗೆ ಕಣ್ಣು ಮುಚ್ಚಿದರು, ಕೈ ನಿಲ್ಲಿಸಲಿಲ್ಲ.

ಹನೋಕನಿಗೆ ಇದನ್ನು ಸಹಿಸಲಾಗಲಿಲ್ಲ. ದೇವರ ಸನ್ನಿಧಿಯಲ್ಲಿ ಕೈ ಮುಗಿದು ಕೂರಬೇಕು, ಬುಟ್ಟಿ ಮನೆಯಲ್ಲಿಟ್ಟು ಬನ್ನಿ ಎಂದು ಹೇಳಿದ.

“ಮೊಗ್ಗು ಭಾನುವಾರ ಅಂತ ಕಾಯಂಗಿಲ್ರಿ,” ಎಂದಳು ಗಂಗವ್ವ. “ಹನ್ನೆರಡರ ಬಸ್ಸಿಗೆ ಹೂವು ಹೋಗಬೇಕು.”

ಬಸ್ಸಿನ ಚಿಂತೆಯನ್ನು ದೇವರಿಗೆ ಬಿಡಿ ಎಂದ ಹನೋಕ.

ಮುಂದಿನ ವಾರ ಬಂದವನು ಕೆಂಚಪ್ಪಜ್ಜ ಒಬ್ಬನೇ. ಹನ್ನೆರಡು ಮಂದಿಯ ಚಾಪೆ ಪೂರಾ ತನಗೇ ಸಿಕ್ಕಿತೆಂದು ಮುದುಕ ಕಾಲು ಚಾಚಿ ಮಲಗಿ, ಬೋಧನೆ ಮುಗಿಯುವವರೆಗೆ ಸುಖವಾಗಿ ಗೊರಕೆ ಹೊಡೆದ.

ಹನೋಕ ಹರಿಗೋಲು ಹತ್ತಿ ಗುರುಗಳ ಬಳಿಗೆ ಬಂದ. ಅಯ್ಯನವರು ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಬಾ ಎನ್ನಲಿಲ್ಲ, ಎರಡು ಬೊಗಸೆ ಕಾಯಿ ಶಿಷ್ಯನ ಮಡಿಲಿಗೆ ಸುರಿದರು.

ಹನೋಕ ಎಲ್ಲವನ್ನೂ ಹೇಳಿದ. ಊರಿನ ಮಜ್ಜಿಗೆ, ಬುಟ್ಟಿ, ಬಸ್ಸು, ಮುದುಕನ ಗೊರಕೆ. ಹೇಳುತ್ತ ಅಳು ಬಂತು. ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ ಎಂದ. ದೇವರಿಗೆ ಅರ್ಧ ಮನಸ್ಸು ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದ.

“ನೀ ನನಗ ಪೂರಾ ಮನಸ್ಸಿಟ್ಟು ಹೇಳಿದೇನು?” ಎಂದರು ಅಯ್ಯನವರು.

“ಹೌದ್ರಿ ಅಯ್ಯಾ.”

“ಮೊರ ನೋಡು. ಹೊತ್ತಾತು, ಹರಿಗೋಲು ಹೋಗತೈತಿ.”

ಮೊರ ನೋಡಿದ. ಕಾಳು ತುಂಬಿತ್ತು. ಅಷ್ಟನ್ನು ಯಾವಾಗ ಸುಲಿದನೋ ಅವನಿಗೇ ಗೊತ್ತಿರಲಿಲ್ಲ. ಹೊಳೆಯ ನಡುವೆ ಅಂಗಿಗೆ ಹತ್ತಿದ ಸಿಪ್ಪೆ ಕೊಡವಿಕೊಳ್ಳುತ್ತ ಬಹಳ ಹೊತ್ತು ತನ್ನ ಬೆರಳುಗಳನ್ನೇ ನೋಡಿದ. ದಂಡೆಗೆ ಇಳಿದವನು ನೇರ ಗಂಗವ್ವನ ಮನೆಗೆ ಹೋಗಿ, ಬುಟ್ಟಿ ತಂದರೂ ಆಗಬಹುದು ಎಂದ.

ಅವರು ಮತ್ತೆ ಬಂದರು. ಬುಟ್ಟಿಯ ಜೊತೆ ಬಂದರು. ಏಪ್ರಿಲ್ ಹೊತ್ತಿಗೆ ಏಳು ಮಂದಿಯಾದರು.

ಆದರೆ ಏಳು ಹನ್ನೆರಡಲ್ಲ. ಕಟ್ಟೆಯ ಕೆಳಗೆ, ಅಂಗಳದ ಮೋಟುಗೋಡೆಯ ಹಿಂದೆ ಇನ್ನೂ ಕೆಲವರು ಬುಟ್ಟಿ ಹಿಡಿದು ನಿಂತು ಹಾಡು ಕೇಳುತ್ತಿದ್ದರು. ಮೇಲೆ ಬನ್ನಿ ಎಂದು ಕರೆದರೆ ನಗುತ್ತಿದ್ದರು, ಬರುತ್ತಿರಲಿಲ್ಲ. ಚಾಪೆಯ ಖಾಲಿ ತುದಿ ಹನೋಕನಿಗೆ ಹಲ್ಲು ಬಿದ್ದ ಸಂದಿಯಂತೆ ಕಾಣುತ್ತಿತ್ತು.

ಅವನಿಗೊಂದು ಉಪಾಯ ಹೊಳೆಯಿತು. ಈಚೆ ದಂಡೆಯ ಹಳೆಯ ಸಭೆಯ ಎರಡು ಮನೆತನದವರನ್ನು ಒಂದು ಭಾನುವಾರ ಕರೆದ. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಹಾರ್ಮೋನಿಯಂ ಹೊತ್ತು, ಹನ್ನೊಂದು ಮಂದಿ ಹೊಳೆ ದಾಟಿ ಬಂದರು. ಮೂರು ಗುಂಪಾಗಿ ಮೂರು ಸ್ವರ ಕೂಡಿಸಿ ಕೀರ್ತನೆ ಹಾಡಿದರು. ತೋಟದಕೇರಿ ಅಂಥ ಹಾಡು ಕೇಳಿರಲಿಲ್ಲ. ಅವರೂ ಹಾರ್ಮೋನಿಯಂ ಪೆಟ್ಟಿಗೆಯೂ ಸೇರಿ ಚಾಪೆ ತುಂಬಿತು.

ಹನೋಕ ಸಂಜೆಯ ಹರಿಗೋಲು ಹಿಡಿದು ಓಡಿ ಬಂದು, ಇವತ್ತು ಚಾಪೆ ತುಂಬಿತು ಎಂದು ಗುರುಗಳಿಗೆ ಹೇಳಿದ.

“ಗಂಗವ್ವ ಎಲ್ಲಿ ಕುಂತಿದ್ಲು?” ಎಂದರು ಅಯ್ಯನವರು.

ಹನೋಕ ನೆನಪು ಮಾಡಿಕೊಂಡ. ಗಂಗವ್ವ ಒಳಗೆ ಒಲೆಯ ಮುಂದೆ ಹನ್ನೊಂದು ಲೋಟ ಚಹಾ ಕಾಸುತ್ತಿದ್ದಳು. ಕೆಂಚಪ್ಪಜ್ಜ ಬಂದವರ ಚಪ್ಪಲಿಯನ್ನು ನಾಯಿ ಒಯ್ಯದಂತೆ ಕೋಲು ಹಿಡಿದು ಕಾಯುತ್ತಿದ್ದ. ಉಳಿದ ಐವರು ಮೋಟುಗೋಡೆಯ ಹಿಂದೆ ಬುಟ್ಟಿ ಹಿಡಿದು ನಿಂತಿದ್ದರು.

ಅವನಿಗೆ ನಾಚಿಕೆಯಾಯಿತು. ಈಗ ಏನು ಮಾಡಲಿ ಎಂದು ಕೇಳಿದ. ಅಯ್ಯನವರು ರೊಟ್ಟಿ ಬಡಿಸಿದರು.

ಮುಂದಿನ ಭಾನುವಾರ ಕಟ್ಟೆಯ ಮೇಲೆ ಚಾಪೆ ಇರಲಿಲ್ಲ. ಗಂಗವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಆರಿಸಿ, ಸುತ್ತಿ, ಹೂ ಕಟ್ಟುವ ದಾರದಿಂದಲೇ ಬಿಗಿದು, ಒಳಗಿನ ಮೂಲೆಗೆ ನಿಲ್ಲಿಸಿದ್ದಳು. ಏಳು ಮಂದಿಯೂ ಕಟ್ಟೆಯಿಂದ ಇಳಿದು ಅಂಗಳದ ನೆಲದ ಮೇಲೆ ಕೂತಿದ್ದರು.

ಚಾಪೆ ಯಾಕೆ ಹಾಸಲಿಲ್ಲ ಎಂದು ಹನೋಕ ಕೇಳಿದ.

“ಅದು ದೊಡ್ಡವರು ಕುಂತ ಚಾಪಿರಿ,” ಎಂದಳು. “ಚಾಪಿ ಹಾಸಿದ್ರ, ಅದರ ಮ್ಯಾಲ ಯಾರು ಕುಂದರಬೇಕು, ಯಾರು ದೂರ ನಿಂದರಬೇಕು ಅನ್ನೋ ಲೆಕ್ಕ ಬರತೈತಿ. ನೆಲಕ್ಕ ಆ ಲೆಕ್ಕ ಇಲ್ರಿ.”

ತಪ್ಪು ತನ್ನದು, ಒತ್ತಾಯ ಮಾಡುವ ಬಾಯಿ ಅವನಿಗಿರಲಿಲ್ಲ. ಅವನೂ ನೆಲದ ಮೇಲೆ ಕೂತ.

ಆಮೇಲೆ ನಡೆದದ್ದು ಅವನಿಗೆ ಅರ್ಥವಾಗಲಿಲ್ಲ. ಮೋಟುಗೋಡೆಯ ಹಿಂದೆ ನಿಲ್ಲುತ್ತಿದ್ದವರಲ್ಲಿ ಒಬ್ಬಳು ಒಂದು ವಾರ ಒಳಗೆ ಬಂದು ಬಾಗಿಲ ಬಳಿ ಕೂತಳು. ಮರು ವಾರ ಅವಳ ನಾದಿನಿ ಬಂದಳು. ಮೇ ತಿಂಗಳಲ್ಲಿ ನೀರು ಹಾಯಿಸುವ ಗಂಡಸರೂ ಕೆಸರುಗಾಲಲ್ಲೇ ಬಂದು ಕೂತರು, ನೆಲವಾದ್ದರಿಂದ ಯಾರೂ ಕಾಲು ತೊಳೆದು ಬಾ ಎನ್ನಲಿಲ್ಲ. ಅಂಗಳ ಸಾಲದೆ ಕರು ಕಟ್ಟುವ ಗೂಟ ಕಿತ್ತರು.

ಹನೋಕ ಸಂತೋಷಪಡಬೇಕಿತ್ತು. ಅವನ ಕಣ್ಣು ಮಾತ್ರ ಒಳಗಿನ ಮೂಲೆಯ ಮೇಲೇ ಇತ್ತು. ಅಯ್ಯನವರು ಬಂದು ಚಾಪೆಯನ್ನು ಕೇಳಿದರೆ ಏನು ಹೇಳುವುದು?

ಜೂನ್ ಕೊನೆಯ ಭಾನುವಾರ ಅಯ್ಯನವರು ಬರುವವರಿದ್ದರು. ಅಂದು ನಸುಕಿನಲ್ಲೇ ಹನೋಕ ಹೋಗಿ, ಇವತ್ತೊಂದು ದಿನ ಚಾಪೆ ಹಾಸೋಣ ಎಂದು ಗಂಗವ್ವನನ್ನು ಬೇಡಿಕೊಂಡ. ಇದರ ಮೇಲೆ ಸಭೆಯ ಅಳಿವು ಉಳಿವು ನಿಂತಿದೆ ಎಂದ.

“ಹಾಸ್ರಿ, ನಿಮ್ಮ ಚಾಪಿ,” ಎಂದಳು ಅವಳು. “ಆದ್ರ ಇವತ್ತು ಹಾಸಿದ್ರ ಅವರು ಮತ್ತ ಗ್ವಾಡಿ ಹಿಂದ ನಿಂದರತಾರ.”

ಹನೋಕ ಚಾಪೆಯ ದಾರಕ್ಕೆ ಕೈ ಹಾಕಿದ. ಗಂಟು ಬಿಚ್ಚುವುದು ಎಷ್ಟರ ಕೆಲಸ! ಬಿಚ್ಚದೆ ಕೈ ತೆಗೆದು ಹೊರಗೆ ಬಂದ.

ಅಯ್ಯನವರು ಬಂದವರು ಜಾಗ ಕಂಡಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ನೆಲಕ್ಕೆ ಕೂತರು. ಯಾರೋ ಒಂದು ಬುಟ್ಟಿ ಅವರ ಮಡಿಲಿಗೂ ಇಟ್ಟರು. ಬೋಧನೆ ಮುಗಿಯುವಷ್ಟರಲ್ಲಿ ಅಯ್ಯನವರು ಒಂದು ಮೊಳ ಕಟ್ಟಿದರು. ಗಂಗವ್ವ ಅದನ್ನು ತೆಗೆದುಕೊಂಡು, ಪೂರಾ ಬಿಚ್ಚಿ, ಮೊದಲಿನಿಂದ ಕಟ್ಟಿದಳು.

ಹೂವು ಹನ್ನೆರಡರ ಬಸ್ಸಿಗೆ ಹೋಯಿತು. ಅಂಗಳದಲ್ಲಿ ಗುರು ಶಿಷ್ಯರು ಉಳಿದರು.

“ಚಾಪಿ ಹೆಂಗೈತಿ?” ಎಂದರು ಅಯ್ಯನವರು.

ಹನೋಕ ಒಳಗಿನ ಮೂಲೆಯತ್ತ ಕೈ ತೋರಿಸಿದ. “ಖಾಲಿ ಐತ್ರಿ ಅಯ್ಯಾ. ಎರಡು ತಿಂಗಳಾತು, ಒಬ್ಬರೂ ಅದರ ಮ್ಯಾಲ ಕುಂತಿಲ್ಲ.”

ಅಯ್ಯನವರು ಒಳಗೆ ಹೋಗಿ ಚಾಪೆಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡರು. ಹೊಳೆಯ ಕಡೆ ನಡೆದರು. ಹನೋಕ ಹಿಂದೆಯೇ ಹೋದ. ಅವನಿಗೆ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿದ್ದವು. ಚಾಪೆ ಹೋದರೆ ಸಭೆಯೂ ಹೋದಂತೆಯೇ.

ಅಯ್ಯನವರು ಹರಿಗೋಲಿನಲ್ಲಿ ಕೂತು ಚಾಪೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು.

“ಈ ಮಂದಿಗೆ ನಾ ಏನು ಹೇಳ್ಲಿರಿ?” ಎಂದ ಹನೋಕ.

“ಮುಂದಿನ ಭಾನುವಾರ ಹತ್ತಕ್ಕ ಬರ್ರಿ ಅಂತ ಹೇಳು.”

ಹನೋಕ ನೀರಿನಲ್ಲಿ ಮೊಣಕಾಲವರೆಗೆ ಇಳಿದು ಹರಿಗೋಲಿನ ಅಂಚು ಹಿಡಿದುಕೊಂಡ. “ಮತ್ತ ಚಾಪಿ ಯಾಕ ಒಯ್ತೀರಿ?”

“ಕೆಳಗಿನ ಊರಾಗ,” ಎಂದರು ಅಯ್ಯನವರು, “ಇನ್ನೂ ಯಾರೂ ನೆಲದ ಮ್ಯಾಲ ಕುಂತಿಲ್ಲ.”